ತೈಲ ವಿಘಟಕ ಬ್ಯಾಕ್ಟೀರಿಯಾ: ಭಟ್ಕಳ, ಹೊನ್ನಾವರ, ಕುಮಟಾದ ಮಣ್ಣಿನ ನೆಲೆಯಲ್ಲಿ

ಕಚ್ಚಾ ತೈಲ, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್‌ಗಳಲ್ಲಿರುವ ಹೈಡ್ರೋಕಾರ್ಬನ್‌ಗಳನ್ನು ಆಹಾರವಾಗಿ ಬಳಸಿಕೊಂಡು ಬದುಕಬಲ್ಲ ಬ್ಯಾಕ್ಟೀರಿಯಾಗಳನ್ನು ತೈಲ ವಿಘಟಕ ಬ್ಯಾಕ್ಟೀರಿಯಾ ಎನ್ನುತ್ತಾರೆ. ತಿಂದದ್ದರಲ್ಲಿ ಒಂದು ಪಾಲು ಅವುಗಳ ಮೈಗೆ ಸೇರುತ್ತದೆ, ಉಳಿದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಬೀಳುತ್ತದೆ. ಇವು ಒಂದೇ ಕುಲಕ್ಕೆ ಸೇರಿದವಲ್ಲ. ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್, ರೋಡೊಕಾಕಸ್, ಗಾರ್ಡೋನಿಯಾ, ಮೈಕೋಬ್ಯಾಕ್ಟೀರಿಯಂ, ಸ್ಫಿಂಗೊಮೊನಾಸ್, ಬ್ಯಾಸಿಲಸ್ ಮೊದಲಾದ ಹತ್ತಾರು ಕುಲಗಳಲ್ಲಿ ಈ ಶಕ್ತಿ ಇದೆ.

ಎಣ್ಣೆಯ ಹನಿಯನ್ನೇ ಕಾಣದ ಮಣ್ಣಿನಲ್ಲೂ ಇವು ಇರುತ್ತವೆ. ಗಿಡಮರಗಳ ಎಲೆಯ ಮೇಲೆ ಹೊಳೆಯುವ ಮೇಣದ ಪದರದಲ್ಲಿ ಆಲ್ಕೇನ್ ಎಂಬ ಹೈಡ್ರೋಕಾರ್ಬನ್‌ಗಳಿವೆ. ಡೀಸೆಲ್‌ನಲ್ಲೂ ಇರುವುದು ಅದೇ ವರ್ಗದ ವಸ್ತು. ಸೊಪ್ಪಿನ ಬೆಟ್ಟದಲ್ಲಿ ಉದುರುವ ದರಕನ್ನು ಯುಗಯುಗಗಳಿಂದ ಕೊಳೆಸುತ್ತ ಬಂದ ಸೂಕ್ಷ್ಮಜೀವಿಗಳಿಗೆ ಈ ಆಹಾರ ಹೊಸತಲ್ಲ. ಮಾಲಿನ್ಯವಿಲ್ಲದ ನೆಲದಲ್ಲಿ ಇವುಗಳ ಪಾಲು ಒಟ್ಟು ಬ್ಯಾಕ್ಟೀರಿಯಾಗಳ ಶೇ 0.1ಕ್ಕಿಂತ ಕಡಿಮೆ. ಎಣ್ಣೆ ಬಿದ್ದ ಜಾಗದಲ್ಲಿ ಕೆಲವೇ ವಾರಗಳಲ್ಲಿ ಇವೇ ಬಹುಸಂಖ್ಯಾತವಾಗುವುದುಂಟು. ಆದ್ದರಿಂದ ಎಣ್ಣೆ ಬಿದ್ದ ಮಣ್ಣಿಗೆ ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಸುರಿಯಬೇಕೇ ಎಂಬುದು ಮೊದಲ ಪ್ರಶ್ನೆಯಲ್ಲ. ಇರುವ ಬ್ಯಾಕ್ಟೀರಿಯಾಗಳಿಗೆ ಏನು ಕೊರತೆಯಾಗಿದೆ ಎಂದು ಮೊದಲು ನೋಡಬೇಕು. ಉತ್ತರ ಕನ್ನಡದ ದಕ್ಷಿಣ ತುದಿಯ ಮೂರು ಕರಾವಳಿ ತಾಲ್ಲೂಕುಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಜೀರ್ಣಿಸುವ ಬಗೆ

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಬ್ಯಾಕ್ಟೀರಿಯಾ ನೀರಿನ ಪೊರೆಯಿಲ್ಲದೆ ಬದುಕುವುದಿಲ್ಲ. ಈ ಎರಡರ ನಡುವಿನ ಗೋಡೆಯನ್ನು ದಾಟುವುದೇ ಮೊದಲ ಕೆಲಸ. ರೋಡೊಕಾಕಸ್, ಅಸಿನೆಟೊಬ್ಯಾಕ್ಟರ್‌ಗಳ ಹೊರಮೈ ಜಿಡ್ಡಿಗೆ ಒಗ್ಗುವಂಥದ್ದು. ಅವು ಎಣ್ಣೆಯ ಹನಿಗೇ ಅಂಟಿಕೊಳ್ಳುತ್ತವೆ. ಸ್ಯೂಡೋಮೊನಾಸ್‌ನ ಕೆಲವು ಬಗೆಗಳು ರಾಮ್ನೋಲಿಪಿಡ್ ಎಂಬ, ಸಾಬೂನಿನ ಗುಣವುಳ್ಳ ವಸ್ತುವನ್ನು ಸ್ರವಿಸಿ ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತವೆ.

ಆಮೇಲಿನ ಕೆಲಸ ಕಿಣ್ವಗಳದ್ದು. ಉದ್ದ ಸರಪಳಿಯ ಆಲ್ಕೇನ್ ಆದರೆ ಆಲ್ಕೇನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಅದರ ತುದಿಗೆ ಒಂದು ಆಮ್ಲಜನಕ ಪರಮಾಣುವನ್ನು ಸೇರಿಸುತ್ತದೆ. ಅದು ಆಲ್ಕೊಹಾಲ್ ಆಗಿ, ಆಲ್ಡಿಹೈಡ್ ಆಗಿ, ಕೊಬ್ಬಿನಾಮ್ಲವಾಗುತ್ತದೆ. ಕೊಬ್ಬಿನಾಮ್ಲವನ್ನು ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿ ಶಕ್ತಿ ಪಡೆಯುವ ವಿದ್ಯೆ ನಮ್ಮ ದೇಹದ ಜೀವಕೋಶಗಳಿಗೂ ಗೊತ್ತು. ಬೆಂಜೀನ್, ನ್ಯಾಫ್ಥಲೀನ್‌ಗಳಂಥ ಉಂಗುರದ ಅಣುಗಳಿಗೆ ಬೇರೆ ದಾರಿ. ಡೈಆಕ್ಸಿಜನೇಸ್ ಕಿಣ್ವ ಎರಡು ಆಮ್ಲಜನಕ ಪರಮಾಣುಗಳನ್ನು ಒಟ್ಟಿಗೆ ಸೇರಿಸಿ ಉಂಗುರವನ್ನು ಸಡಿಲಗೊಳಿಸುತ್ತದೆ; ಕ್ಯಾಟಿಕಾಲ್ ಎಂಬ ಘಟ್ಟಕ್ಕೆ ಬಂದ ಮೇಲೆ ಉಂಗುರ ಬಿಚ್ಚಿಕೊಳ್ಳುತ್ತದೆ. ಈ ಕಿಣ್ವಗಳ ವಂಶವಾಹಿಗಳು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ತುಣುಕುಗಳಲ್ಲಿರುತ್ತವೆ. ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ್ದಕ್ಕೆ ದಾಟಿಸಬಲ್ಲದು. ಎಣ್ಣೆ ಬಿದ್ದ ನೆಲದಲ್ಲಿ ಈ ಸಾಮರ್ಥ್ಯ ಬೇಗ ಹರಡುವುದಕ್ಕೆ ಇದೂ ಒಂದು ಕಾರಣ.

ಎಣ್ಣೆಯ ಎಲ್ಲ ಭಾಗವೂ ಒಂದೇ ವೇಗದಲ್ಲಿ ಕರಗುವುದಿಲ್ಲ. ನೇರ ಸರಪಳಿಯವು ಮೊದಲು, ಕವಲೊಡೆದವು ಆಮೇಲೆ, ಒಂದೆರಡು ಉಂಗುರದವು ಅವುಗಳ ಹಿಂದೆ. ನಾಲ್ಕೈದು ಉಂಗುರಗಳು ಸೇರಿಕೊಂಡ ಅಣುಗಳು ವರ್ಷಗಟ್ಟಲೆ ಉಳಿಯುತ್ತವೆ. ಡಾಂಬರಿಗೆ ಕಪ್ಪು ಬಣ್ಣ ಕೊಡುವ ಆಸ್ಫಾಲ್ಟೀನ್‌ಗಳನ್ನು ಬ್ಯಾಕ್ಟೀರಿಯಾ ಬಹುತೇಕ ಮುಟ್ಟುವುದೇ ಇಲ್ಲ. ಹಾಗಾಗಿ ಡೀಸೆಲ್ ಚೆಲ್ಲಿದ ಮಣ್ಣು ತಿಂಗಳುಗಳಲ್ಲಿ ಸುಧಾರಿಸಬಹುದು; ಹಡಗಿನ ಫರ್ನೇಸ್ ಆಯಿಲ್ ಮೆತ್ತಿದ ಮಣ್ಣಿನಿಂದ ಅಂಥ ನಿರೀಕ್ಷೆ ಸಲ್ಲದು.

ಇದನ್ನು ಕಣ್ಣಾರೆ ನೋಡುವುದು ಕಷ್ಟವಲ್ಲ. ಗ್ಯಾರೇಜಿನ ಅಂಗಳದ ಒಂದು ಚಮಚ ಕಪ್ಪು ಮಣ್ಣನ್ನು ಗಾಜಿನ ಫ್ಲಾಸ್ಕಿಗೆ ಹಾಕಿ, ಸಾರಜನಕ, ರಂಜಕ, ಮೆಗ್ನೀಸಿಯಂ ಮೊದಲಾದ ಲವಣಗಳಿರುವ, ಆದರೆ ಸಕ್ಕರೆಯ ಅಂಶವೇ ಇಲ್ಲದ ನೀರನ್ನು ತುಂಬಿ, ಮೇಲೆ ಕೆಲವು ಹನಿ ಡೀಸೆಲ್ ಬಿಡುತ್ತಾರೆ. 1941ರಲ್ಲಿ ಬುಶ್‌ನೆಲ್ ಮತ್ತು ಹಾಸ್ ರೂಪಿಸಿದ ಈ ಲವಣದ್ರಾವಣ ಇವತ್ತಿಗೂ ಬಳಕೆಯಲ್ಲಿದೆ. ಫ್ಲಾಸ್ಕನ್ನು ಕುಲುಕುತ್ತ ಬೆಚ್ಚಗಿಟ್ಟರೆ ಮೊದಲ ದಿನ ಎಣ್ಣೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆಯಾಗಿ ತೇಲುತ್ತದೆ. ಕೆಲವು ದಿನಗಳಲ್ಲಿ ಪೊರೆ ಹರಿದು ಚೂರುಚೂರಾಗುತ್ತದೆ, ತಿಳಿನೀರು ಅಕ್ಕಿ ತೊಳೆದ ನೀರಿನಷ್ಟು ಮಸುಕಾಗುತ್ತದೆ. ಆ ಮಸುಕೆಲ್ಲ ಡೀಸೆಲ್ ತಿಂದು ಹೆಚ್ಚಿದ ಬ್ಯಾಕ್ಟೀರಿಯಾ. ಡಿಸಿಪಿಐಪಿ ಎಂಬ ನೀಲಿ ಬಣ್ಣದ ಸೂಚಕವನ್ನು ಬೆರೆಸಿದ್ದರೆ, ಜೀರ್ಣಕ್ರಿಯೆ ನಡೆದಂತೆ ನೀಲಿ ಮಾಯವಾಗಿ ದ್ರಾವಣ ಬಣ್ಣ ಕಳೆದುಕೊಳ್ಳುತ್ತದೆ. ಪದವಿ ಕಾಲೇಜಿನ ಪ್ರಯೋಗಾಲಯದಲ್ಲೇ ಮಾಡಬಹುದಾದ ಪರೀಕ್ಷೆ ಇದು. ಕರಾವಳಿಯ ಕಾಲೇಜುಗಳು ತಮ್ಮ ಊರಿನ ಬಂದರು, ಗ್ಯಾರೇಜು, ಪೆಟ್ರೋಲ್ ಬಂಕಿನ ಮಣ್ಣನ್ನು ಹೀಗೆ ಪರೀಕ್ಷಿಸಿ ದಾಖಲೆ ಇಡುವುದು ಬಹಳ ಉಪಯುಕ್ತ ಕೆಲಸ.

ಸಂಶೋಧನೆಯ ಹಾದಿ

ನೆದರ್ಲೆಂಡ್ಸ್‌ನ ಸೋಂಗೆನ್ 1913ರಲ್ಲೇ ಸೂಕ್ಷ್ಮಜೀವಿಗಳು ಪೆಟ್ರೋಲಿಯಂ ಮತ್ತು ಪ್ಯಾರಾಫಿನ್ ತಿಂದು ಬದುಕುವುದನ್ನು ವಿವರಿಸಿದ್ದರು. 1946ರಲ್ಲಿ ಅಮೆರಿಕದ ಕ್ಲಾಡ್ ಝೋಬೆಲ್ ಅಂಥ ಸುಮಾರು 100 ಪ್ರಭೇದಗಳನ್ನು ಲೆಕ್ಕಕ್ಕೆ ತಂದರು. ಜಗತ್ತಿನ ಗಮನ ಸೆಳೆದದ್ದು ಮಾತ್ರ ಬಂಗಾಳದ ಸೈಂಥಿಯಾದಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಆನಂದ ಮೋಹನ ಚಕ್ರವರ್ತಿ. ಬೇರೆ ಬೇರೆ ಹೈಡ್ರೋಕಾರ್ಬನ್‌ಗಳನ್ನು ಒಡೆಯುವ ಪ್ಲಾಸ್ಮಿಡ್‌ಗಳನ್ನು ಅವರು ಒಂದೇ ಸ್ಯೂಡೋಮೊನಾಸ್‌ನಲ್ಲಿ ಕೂಡಿಸಿದರು. ಅದಕ್ಕೆ ಪೇಟೆಂಟ್ ಸಲ್ಲುತ್ತದೆಂದು 1980ರ ಜೂನ್ 16ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕು ಬಹುಮತದಿಂದ ತೀರ್ಪಿತ್ತಿತು. ಜೀವಿಯೊಂದಕ್ಕೆ ಪೇಟೆಂಟ್ ಕೊಡಬಹುದೆಂಬ ಆ ತೀರ್ಪು ಚರಿತ್ರೆಯಾಯಿತು, ಆ ಬ್ಯಾಕ್ಟೀರಿಯಾ ಮಾತ್ರ ಯಾವ ಸಮುದ್ರಕ್ಕೂ ಇಳಿಯಲಿಲ್ಲ.

ಕರ್ನಾಟಕದ ಮಣ್ಣಿಗೂ ಈ ಚರಿತ್ರೆಯಲ್ಲಿ ಜಾಗವಿದೆ. ಬೆಂಗಳೂರಿನ ಪೆಟ್ರೋಲ್ ಬಂಕೊಂದರ ಮಣ್ಣಿನಿಂದ ಪ್ರತ್ಯೇಕಿಸಿದ ಸಿಎಸ್‌ವಿ86 ಎಂಬ ಸ್ಯೂಡೋಮೊನಾಸ್ ಅನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎಸ್. ವೈದ್ಯನಾಥನ್ ಅವರ ತಂಡ ಅಧ್ಯಯನ ಮಾಡಿತು. ಅದು ಮೀಥೈಲ್ ನ್ಯಾಫ್ಥಲೀನ್‌ಗಳನ್ನು ಒಡೆಯುವ ಬಗೆ 1994ರಲ್ಲಿ ಪ್ರಕಟವಾಯಿತು. ಆ ತಂಡದಲ್ಲಿದ್ದ ಪ್ರಶಾಂತ್ ಫಲೆ ಮುಂದೆ ಮುಂಬೈಯ ಐಐಟಿಯಲ್ಲಿ ಅದೇ ಜೀವಿಯ ಬೆನ್ನು ಹತ್ತಿದರು. ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳಿಗೆ ಗ್ಲೂಕೋಸ್ ಮತ್ತು ವಿಷಕಾರಿ ಉಂಗುರದ ಅಣು ಎರಡನ್ನೂ ಕೊಟ್ಟರೆ ಸುಲಭದ ಗ್ಲೂಕೋಸನ್ನೇ ಮೊದಲು ತಿನ್ನುತ್ತವೆ. ಸಿಎಸ್‌ವಿ86 ಮಾತ್ರ ಗ್ಲೂಕೋಸನ್ನು ಬದಿಗಿಟ್ಟು ನ್ಯಾಫ್ಥಲೀನ್‌ಗೆ ಬಾಯಿ ಹಾಕುತ್ತದೆ ಎಂದು 2006ರಲ್ಲಿ ತೋರಿಸಿದರು. ನ್ಯಾಫ್ಥಲೀನ್ ಎಂದರೆ ಬಟ್ಟೆಯ ಕಪಾಟಿನಲ್ಲಿಡುವ ನುಸಿಗುಳಿಗೆಯ ಮೂಲವಸ್ತು. ಎಲೆಕೊಳೆ, ಬೇರಿನ ರಸ ಮುಂತಾದ ಸುಲಭದ ಆಹಾರವೂ ಇರುವ ನಿಜವಾದ ಮಣ್ಣಿನಲ್ಲಿ ಈ ಗುಣಕ್ಕೆ ದೊಡ್ಡ ಬೆಲೆಯಿದೆ. ಸ್ಯೂಡೋಮೊನಾಸ್ ಪುಟಿಡಾ ಪ್ರಭೇದದ್ದೆಂದು ತಿಳಿದಿದ್ದ ಈ ಜೀವಿಯನ್ನು 2022ರಲ್ಲಿ ಪ್ರತ್ಯೇಕ ಪ್ರಭೇದವೆಂದು ವಿವರಿಸಿ ಸ್ಯೂಡೋಮೊನಾಸ್ ಭಾರತಿಕಾ ಎಂದು ಹೆಸರಿಟ್ಟರು. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲೂ ಟಿ. ಬಿ. ಕರೇಗೌಡರ್ ಅವರ ತಂಡ ಎನ್‌ಜಿಕೆ1 ಎಂಬ ಇನ್ನೊಂದು ಸ್ಯೂಡೋಮೊನಾಸ್ ಅನ್ನು ಪಾಲಿಯುರೆಥೇನ್ ಸ್ಪಂಜಿನಲ್ಲಿ ನೆಲೆಗೊಳಿಸಿದರೆ ಅದು ನ್ಯಾಫ್ಥಲೀನನ್ನು ಇನ್ನೂ ಚೆನ್ನಾಗಿ ಒಡೆಯುತ್ತದೆ ಎಂದು 2001ರಲ್ಲಿ ತೋರಿಸಿತು.

ದೇಶದಲ್ಲಿ ಪ್ರಯೋಗಾಲಯದ ಹೊರಗೆ ಬಳಕೆಗೆ ಬಂದದ್ದು ದೆಹಲಿಯ ಟೆರಿ ಸಂಸ್ಥೆಯ ಆಯಿಲ್‌ಝಾಪರ್. ತೈಲದ ಬೇರೆ ಬೇರೆ ಭಾಗಗಳನ್ನು ತಿನ್ನುವ ಬ್ಯಾಕ್ಟೀರಿಯಾಗಳನ್ನು ಒಟ್ಟುಗೂಡಿಸಿ, ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ನೆಲೆಗೊಳಿಸಿದ ಮಿಶ್ರಣವಿದು. ತೈಲಬಾವಿ ಮತ್ತು ಸಂಸ್ಕರಣಾಗಾರಗಳ ಕೆಸರನ್ನು ಶುದ್ಧಗೊಳಿಸಲು ಇದನ್ನು ಬಳಸುತ್ತಾರೆ. ಒಂದೇ ಜೀವಿಯಿಂದ ಆಗದ್ದು ಗುಂಪಿನಿಂದ ಆಗುತ್ತದೆಂಬುದು ಇದರ ಹಿಂದಿನ ತಿಳಿವಳಿಕೆ.

ಗಾಳಿ ಮತ್ತು ಗೊಬ್ಬರದ ಲೆಕ್ಕ

ಒಂದು ಕಿಲೋ ಎಣ್ಣೆ ಪೂರ್ತಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು ಸುಮಾರು 3.4 ಕಿಲೋ ಆಮ್ಲಜನಕ ಬೇಕು. ಅಷ್ಟು ಆಮ್ಲಜನಕ 12 ಘನ ಮೀಟರ್ ಗಾಳಿಯಲ್ಲಿ ಸಿಗುತ್ತದೆ, ಅಂದರೆ ಒಂದು ಸಣ್ಣ ಬಚ್ಚಲುಮನೆಯಷ್ಟು ಗಾಳಿ. ಅದನ್ನೇ ನೀರಿನಿಂದ ಪಡೆಯಬೇಕಾದರೆ? ಕರಾವಳಿಯ ಸೆಕೆಯಲ್ಲಿ ಒಂದು ಲೀಟರ್ ಸಿಹಿನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಹಾಗಾದರೆ ಆ ಒಂದು ಕಿಲೋ ಎಣ್ಣೆಗೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕಾಗುತ್ತದೆ. ಸಡಿಲವಾದ ತೇವದ ಮಣ್ಣಿನಲ್ಲಿ ಬೇಗ ಕರಗುವ ಎಣ್ಣೆ ನೀರು ನಿಂತ ಕೆಸರಿನಲ್ಲಿ ಯಾಕೆ ಹಾಗೇ ಉಳಿಯುತ್ತದೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಆಮ್ಲಜನಕವಿಲ್ಲದೆಯೂ ಸಲ್ಫೇಟ್ ಅಥವಾ ನೈಟ್ರೇಟ್ ಬಳಸಿ ಎಣ್ಣೆ ಒಡೆಯುವ ಬ್ಯಾಕ್ಟೀರಿಯಾಗಳಿವೆ, ಆದರೆ ಅವುಗಳ ಕೆಲಸ ಬಹಳ ನಿಧಾನ.

ಎರಡನೆಯದು ಗೊಬ್ಬರ. ಎಣ್ಣೆಯಲ್ಲಿ ಇಂಗಾಲ ಶೇ 85ರಷ್ಟಿದೆ, ಸಾರಜನಕ ಮತ್ತು ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಇಂಗಾಲ 100 ಭಾಗಕ್ಕೆ ಸಾರಜನಕ 10, ರಂಜಕ 1 ಎಂಬುದು ರೂಢಿಯ ಅಳತೆ. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸೋರಿದಾಗ ದಡದ ಕಲ್ಲುಗಳ ಮೇಲೆ ಬ್ಯಾಕ್ಟೀರಿಯಾ ಅಲ್ಲ, ಗೊಬ್ಬರ ಚಿಮುಕಿಸಿದರು. ಅಲ್ಲಿದ್ದ ಬ್ಯಾಕ್ಟೀರಿಯಾಗಳೇ ಚುರುಕಾಗಿ ವಿಘಟನೆಯ ವೇಗ ಹೆಚ್ಚಿತು. ಆಮ್ಲಜನಕ ತಲುಪದ ದಡದ ಒಳಪದರಗಳಲ್ಲಿ ಮಾತ್ರ ದಶಕಗಳ ನಂತರವೂ ಎಣ್ಣೆ ಉಳಿದಿತ್ತು.

ನಮ್ಮ ಕೆಂಪು ನೆಲದಲ್ಲಿ

ಭಟ್ಕಳ ಪಟ್ಟಣದ ಪಕ್ಕದ ಮುಟ್ಟಳ್ಳಿಯಿಂದ ಹಿಡಿದು ಹೊನ್ನಾವರ, ಕುಮಟಾದ ಗುಡ್ಡಗಳವರೆಗೆ ನೆಲ ಜಂಬಿಟ್ಟಿಗೆಯದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಉಷ್ಣತೆ ವರ್ಷವಿಡೀ ಬ್ಯಾಕ್ಟೀರಿಯಾಗಳಿಗೆ ಹಿತವಾಗಿದೆ, ಅಲಾಸ್ಕದ ಚಳಿ ಇಲ್ಲಿಲ್ಲ. ತೊಡಕು ಬೇರೆ ಕಡೆಯಿದೆ. ಮಳೆ ಸಾರಜನಕವನ್ನು ತೊಳೆದುಕೊಂಡು ಹೋಗುತ್ತದೆ. ಇದ್ದ ರಂಜಕವನ್ನು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಬಿಗಿಯಾಗಿ ಹಿಡಿದಿಟ್ಟುಕೊಂಡು ಜೀವಿಗಳಿಗೆ ಬಿಟ್ಟುಕೊಡುವುದಿಲ್ಲ. ಮಣ್ಣು ಹುಳಿ ಸ್ವಭಾವದ್ದು. ತೈಲ ವಿಘಟಕಗಳಿಗೆ ಒಗ್ಗುವುದು ತಟಸ್ಥಕ್ಕೆ ಹತ್ತಿರದ ಮಣ್ಣು. ಅಂದರೆ ಇಲ್ಲಿ ಬ್ಯಾಕ್ಟೀರಿಯಾಗಳಿಗೆ ಎಣ್ಣೆ ಸಿಕ್ಕರೂ ಅದನ್ನು ಅರಗಿಸಿಕೊಳ್ಳಲು ಬೇಕಾದ ಪೋಷಣೆ ಸಿಗುವುದಿಲ್ಲ. ತೋಟಕ್ಕೆ ಸುಣ್ಣ, ಕೊಟ್ಟಿಗೆ ಗೊಬ್ಬರ ಹಾಕುವ ರೈತನಿಗೆ ಈ ಮಣ್ಣಿನ ಕೊರತೆಗಳು ಮೊದಲೇ ಗೊತ್ತು.

ಹಳೆಯ ಗ್ಯಾರೇಜಿನ ಅಂಗಳ ನೋಡಿದರೆ ವಿಷಯ ಅರ್ಥವಾಗುತ್ತದೆ. ವರ್ಷಗಟ್ಟಲೆ ಸುಟ್ಟ ಆಯಿಲ್ ಬಿದ್ದು ಮೇಲಿನ ಪದರ ಗಟ್ಟಿ ಕಪ್ಪು ಹೊದಿಕೆಯಾಗಿರುತ್ತದೆ. ನೀರು ಚಿಮುಕಿಸಿದರೆ ಇಂಗದೆ ಹನಿಹನಿಯಾಗಿ ಉರುಳುತ್ತದೆ. ಗುದ್ದಲಿಯಿಂದ ಎಬ್ಬಿಸಿದರೆ ಒಳಗೆ ಕೆಂಪು ಮಣ್ಣು ಒಣಗಿ ನಿಂತಿರುತ್ತದೆ. ನೀರೂ ಇಳಿಯದ, ಗಾಳಿಯೂ ಆಡದ ಅಂಥ ಜಾಗದಲ್ಲಿ ಬ್ಯಾಕ್ಟೀರಿಯಾ ಇದ್ದೂ ಕೈಕಟ್ಟಿ ಕೂತಂತೆ. ಕೆಳಗಿನ ಜಂಬಿಟ್ಟಿಗೆ ತೂತುತೂತಾದ ಕಲ್ಲು. ಹೊದಿಕೆ ಒಡೆದಲ್ಲಿ ಎಣ್ಣೆ ಆ ತೂತುಗಳ ಹಾದಿ ಹಿಡಿದು ಬಾವಿಯ ಕಡೆ ಸಾಗಬಹುದು.

ಮೀನುಗಾರಿಕೆ ಬಂದರುಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ಭಟ್ಕಳದ ಮಾವಿನಕುರ್ವೆ, ತೆಂಗಿನಗುಂಡಿ, ಹೊನ್ನಾವರದ ಕಾಸರಕೋಡ, ಕುಮಟಾದ ತದಡಿಗಳಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ. ಮೀನಿನ ಸಂತಾನಕ್ಕೆ ಅದು ಒಳ್ಳೆಯದು. ಆದರೆ ಬೋಟು ಕಡಲಿಗಿಳಿಯದ ಆ ಬಿಡುವಿನಲ್ಲೇ ಎಂಜಿನ್ ಬಿಚ್ಚುವ, ಆಯಿಲ್ ಬದಲಿಸುವ, ತಳದಲ್ಲಿ ನಿಂತ ಜಿಡ್ಡುನೀರು ತೆಗೆಯುವ ಕೆಲಸಗಳು ಬರುತ್ತವೆ. ಎಣ್ಣೆ ನೆಲಕ್ಕೆ ಬೀಳುವ ಹೊತ್ತು ಮತ್ತು ಮಳೆ ಅತಿ ಜೋರಾಗಿರುವ ಹೊತ್ತು ಒಂದೇ ಆಗುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ವಾರ, ತಿಂಗಳುಗಳ ಅವಕಾಶ. ಸಿಗುವುದು ಮುಂದಿನ ಮಳೆಯವರೆಗಿನ ಕೆಲವು ತಾಸು. 2022ರ ಆಗಸ್ಟ್ 2ರ ಭಾರಿ ಮಳೆಗೆ ಭಟ್ಕಳ ಪೇಟೆ ಮುಳುಗಿ, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತ ದಿನವನ್ನು ಈ ಭಾಗದವರು ಮರೆತಿಲ್ಲ. ಗುಡ್ಡವನ್ನೇ ಇಳಿಸುವ ಮಳೆಗೆ ಅಂಗಳದ ಜಿಡ್ಡು ಯಾವ ಲೆಕ್ಕ?

ಕೊಚ್ಚಿಹೋದ ಎಣ್ಣೆ ಸೇರುವುದು ಶರಾವತಿ, ಅಘನಾಶಿನಿಯ ಅಳಿವೆಗಳ ಕೆಸರಿಗೆ. 2024ರಲ್ಲಿ ರಾಮ್ಸಾರ್ ತಾಣವೆಂದು ಮಾನ್ಯತೆ ಪಡೆದ, 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾಗಿಡಗಳಿವೆ, ಬಳಚು ಹೆಕ್ಕಿ ಬದುಕುವ ಕುಟುಂಬಗಳಿವೆ, ಕಗ್ಗ ಭತ್ತ ಬೆಳೆಯುವ ಗಜನಿಗಳಿವೆ. ಕಾಂಡ್ಲಾದ ಕೆಸರಿನಲ್ಲಿ ಮೇಲಿನ ತೆಳು ಪದರ ಬಿಟ್ಟರೆ ಆಮ್ಲಜನಕವೇ ಇಲ್ಲ. ನೀರನ್ನು ಸೋಸಿ ತಿನ್ನುವ ಬಳಚಿನ ಮೈಯಲ್ಲಿ ಎಣ್ಣೆಯ ಅಂಶ ಉಳಿದುಕೊಳ್ಳುತ್ತದೆ. ಹೊಲ, ಅಂಗಳದ ಮಣ್ಣಿನಲ್ಲಿ ಕರಗಬಹುದಾಗಿದ್ದ ಎಣ್ಣೆ ಇಲ್ಲಿಗೆ ಬಂದರೆ ಕರಗುವುದಿಲ್ಲ. ಕೆಸರನ್ನು ಅಗೆದು ಗಾಳಿಯಾಡಿಸಲು ಹೋದರೆ ಬೇರಿಗೇ ಪೆಟ್ಟು.

ಕಡಲ ಕಡೆಯಿಂದ ಬರುವ ಎಣ್ಣೆಯೂ ಇದೆ. 2006ರ ಮೇ 30ರಂದು ಕಾರವಾರದ ಬಳಿ ಬಂಡೆಗೆ ಸಿಕ್ಕಿಕೊಂಡ ಓಶನ್ ಸೆರಾಯ ಹಡಗಿನಲ್ಲಿ ಸುಮಾರು 650 ಟನ್ ಇಂಧನ ತೈಲವಿತ್ತು. ಸೋರಿದ ಎಣ್ಣೆ ಕಾರವಾರದ ಜತೆಗೆ ದಕ್ಷಿಣ ಗೋವಾದ ದಡಗಳನ್ನೂ ಕಪ್ಪಾಗಿಸಿತು. ದೊಡ್ಡ ಅಪಘಾತಗಳಿಲ್ಲದ ವರ್ಷಗಳಲ್ಲೂ ಮಳೆಗಾಲಕ್ಕೆ ಮುಂಚೆ ಪಶ್ಚಿಮ ಕರಾವಳಿಯ ಮರಳಿನ ಮೇಲೆ ಡಾಂಬರಿನ ಉಂಡೆಗಳು ಬಂದು ಬೀಳುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಈ ಉಂಡೆಗಳ ಮೂಲವನ್ನೂ ಅವುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳನ್ನೂ ಅಧ್ಯಯನ ಮಾಡಿದ್ದಾರೆ. ಸಮುದ್ರದಲ್ಲಿ ಈ ಕೆಲಸಕ್ಕೇ ಹೇಳಿಮಾಡಿಸಿದಂಥ ಆಲ್ಕಾನಿವೊರಾಕ್ಸ್ ಎಂಬ ಕುಲವಿದೆ. ಅದರ ಮುಖ್ಯ ಆಹಾರವೇ ಹೈಡ್ರೋಕಾರ್ಬನ್. ಆದರೂ ಉಂಡೆಯಾಗಿ ಗಟ್ಟಿಯಾದ ಡಾಂಬರಿನ ಒಳಕ್ಕೆ ಗಾಳಿ, ನೀರು ಇಳಿಯದ ಕಾರಣ ಬ್ಯಾಕ್ಟೀರಿಯಾ ಹೊರಮೈಯಷ್ಟನ್ನೇ ಸವೆಸಬಲ್ಲದು. ಅದನ್ನು ಕೈಯಿಂದ ಹೆಕ್ಕುವುದೇ ಉಪಾಯ.

ಬಳಕೆ ಮತ್ತು ಮಿತಿ

ಚೆಲ್ಲಿದ ಡೀಸೆಲ್‌ನಿಂದ ಕೆಟ್ಟ ಮಣ್ಣನ್ನು ಸುಧಾರಿಸುವ ಸರಳ ವಿಧಾನ ಮಣ್ಣನ್ನು ಹರಡಿ ತಿರುವುವುದು. ಮಣ್ಣನ್ನು ಅಗೆದು ಮಳೆ ಬೀಳದ ಮಾಡಿನಡಿ ದಪ್ಪ ಟಾರ್ಪಾಲಿನ ಮೇಲೆ ಒಂದು ಅಡಿ ಮೀರದಂತೆ ಹರಡುತ್ತಾರೆ. ಸಡಿಲವಾಗಲು ಭತ್ತದ ಉಮಿ ಅಥವಾ ತೆಂಗಿನ ನಾರಿನ ಪುಡಿ, ಜೀವಕ್ಕೆ ಹಳೆಯ ಕೊಟ್ಟಿಗೆ ಗೊಬ್ಬರ, ಹುಳಿ ತಗ್ಗಿಸಲು ಸುಣ್ಣ ಬೆರೆಸುತ್ತಾರೆ. ಇಂಗಾಲ, ಸಾರಜನಕ, ರಂಜಕದ ಮೇಲಿನ ಅಳತೆಯಂತೆ ಒಂದು ಕಿಲೋ ಎಣ್ಣೆಗೆ 185 ಗ್ರಾಂ ಯೂರಿಯಾ, 120 ಗ್ರಾಂ ಸೂಪರ್ ಫಾಸ್ಫೇಟ್ ಆಗುತ್ತದೆ. ಅಷ್ಟನ್ನೂ ಒಟ್ಟಿಗೆ ಸುರಿದರೆ ಅಮೋನಿಯಾ ಹೆಚ್ಚಿ ಬ್ಯಾಕ್ಟೀರಿಯಾಗಳಿಗೇ ಕುತ್ತು, ಆದ್ದರಿಂದ ಕಂತುಗಳಲ್ಲಿ ಕೊಡಬೇಕು. ಸುಣ್ಣ ಮತ್ತು ಯೂರಿಯಾ ಒಂದೇ ದಿನ ಬೀಳಬಾರದು. ಮುಟ್ಟಿದರೆ ತೇವ ತಿಳಿಯುವಷ್ಟು ನೀರು, ವಾರಕ್ಕೊಮ್ಮೆ ಗುದ್ದಲಿಯಿಂದ ತಿರುವುವುದು: ಇಷ್ಟೇ ಉಳಿದ ಕೆಲಸ. ಮಣ್ಣಿನ ತೂಕದಲ್ಲಿ ಎಣ್ಣೆ ಶೇ 5ನ್ನು ಮೀರಿದ್ದರೆ ಬೇರೆ ಮಣ್ಣು ಬೆರೆಸಿ ಕಡಿಮೆ ಮಾಡದೆ ಈ ವಿಧಾನ ಸಾಗದು.

ಸುಟ್ಟ ಎಂಜಿನ್ ಆಯಿಲ್‌ನ ಮಾತು ಬೇರೆ. ಅದರಲ್ಲಿ ಎಂಜಿನ್ನಿನ ಸವೆತದಿಂದ ಸೇರಿದ ಲೋಹಗಳೂ ಸತುವಿನಂಥ ಸೇರ್ಪಡೆಗಳೂ ಇರುತ್ತವೆ. ಬ್ಯಾಕ್ಟೀರಿಯಾ ಹೈಡ್ರೋಕಾರ್ಬನ್ ಒಡೆಯಬಲ್ಲದು, ಲೋಹವನ್ನು ಇಲ್ಲವಾಗಿಸಲಾರದು. ಎಣ್ಣೆಯ ವಾಸನೆ ಹೋಯಿತೆಂದು ಅಂಥ ಮಣ್ಣನ್ನು ತರಕಾರಿ ಹಿತ್ತಲಿಗೆ, ತೋಟಕ್ಕೆ ಹಾಕಬಾರದು. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಅಧಿಕೃತ ಮರುಸಂಸ್ಕರಣೆದಾರರಿಗೇ ಕೊಡಬೇಕು. ಗೆದ್ದಲು ಬಾರದಂತೆ ಮರಕ್ಕೆ, ಬೇಲಿಗೂಟಕ್ಕೆ ಸುಟ್ಟ ಆಯಿಲ್ ಬಳಿಯುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. ನಾಡದೋಣಿಗಳ ಹಲಗೆಗೆ ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆ ಬಳಿಯುವ ಹಿಂದಿನ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು.

ಪೊಟ್ಟಣದಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಗಳ ಬಗ್ಗೆಯೂ ಎಚ್ಚರ ಬೇಕು. ಪ್ರಯೋಗಾಲಯದಲ್ಲಿ ಚುರುಕಾಗಿದ್ದದ್ದು ಹುಳಿ ಮಣ್ಣಿನಲ್ಲಿ, ಸ್ಥಳೀಯ ಜೀವಿಗಳ ಪೈಪೋಟಿಯಲ್ಲಿ ಬದುಕಿ ಉಳಿಯುವ ಭರವಸೆಯಿಲ್ಲ. ಎಣ್ಣೆ ಒಡೆಯುವುದರಲ್ಲಿ ಗಟ್ಟಿಗನಾದ ಸ್ಯೂಡೋಮೊನಾಸ್ ಏರುಗಿನೋಸ ಮನುಷ್ಯರ ಗಾಯ, ಶ್ವಾಸಕೋಶಗಳಿಗೆ ಸೋಂಕು ತರಬಲ್ಲ ಜೀವಿಯೂ ಹೌದು. ಅದನ್ನು ಬಯಲಿಗೆ ಬಿಡುವಂತಿಲ್ಲ.

ಈ ಕರಾವಳಿಯ ಮಟ್ಟಿಗೆ ತೀರ್ಮಾನ ಸ್ಪಷ್ಟವಾಗಿದೆ: ಎಣ್ಣೆ ಮಣ್ಣಿನಲ್ಲಿರುವಾಗಲೇ ಅದನ್ನು ತಡೆದು, ಬ್ಯಾಕ್ಟೀರಿಯಾಗಳಿಗೆ ಗಾಳಿ, ಗೊಬ್ಬರ, ಸಮಯ ಕೊಡಬೇಕು, ಅಳಿವೆಗೆ ಇಳಿದ ಮೇಲೆ ಮಾಡಬಹುದಾದದ್ದು ಕಡಿಮೆ. ಪ್ರತಿ ದಕ್ಕೆಯಲ್ಲೂ, ದೋಣಿ ದುರಸ್ತಿಯ ಪ್ರತಿ ಜಾಗದಲ್ಲೂ ಸುಟ್ಟ ಆಯಿಲ್ ಸಂಗ್ರಹಿಸುವ ಪೀಪಾಯಿ, ಅದಕ್ಕೊಂದು ಮಾಡು, ಸುತ್ತ ಒಂದು ಕಟ್ಟೆ ಇರಲಿ. ಬಂದರು ಇಲಾಖೆ, ಮೀನುಗಾರರ ಸಹಕಾರ ಸಂಘಗಳು, ಗ್ರಾಮ ಪಂಚಾಯಿತಿಗಳು ಸೇರಿ ಇದನ್ನು ಪ್ರತಿ ವರ್ಷ ಜೂನ್ 1ಕ್ಕೆ ಮುಂಚೆ ಮಾಡಿ ಮುಗಿಸಬೇಕು.